ಅಂಗೈಯಗಲದ ಪರದೆ

ಕಚೇರಿಯ ಪ್ಲಗ್ ಪಾಯಿಂಟು ಸ್ಕೇಲಣ್ಣನ ಎಡಗಡೆ ಇರುವ ಬದಲು ಬಲಗಡೆ ಇದ್ದಿದ್ದರೆ ಅವತ್ತಿನ ರಾಮಾಯಣ ಯಾವುದೂ ನಡೆಯುತ್ತಿರಲಿಲ್ಲ.

ಸ್ಕೇಲಣ್ಣ ಮನೆಗಳ ನಕ್ಷೆ ಬರೆಯುವವನು. ಉದ್ದಕ್ಕೆ, ತೆಳ್ಳಗೆ, ಎಲ್ಲೂ ಬಾಗದೆ ಇದ್ದುದರಿಂದ ಆ ಹೆಸರು. ಅವನ ಹಳೆಯ ಕಂಪ್ಯೂಟರು ಬಿಸಿಯೇರಿ ಸತ್ತಿತ್ತು. ಹೊಸದನ್ನು ತರುವಾಗ ಅವನು ಹಟ ಹಿಡಿದು, ಯಂತ್ರವನ್ನು ತಣ್ಣಗಿಡಲು ಪರದೆಯಿರುವ ಕೂಲರ್ ಫ್ಯಾನನ್ನೇ ಹಾಕಿಸಿಕೊಂಡಿದ್ದ. ಕಂಪ್ಯೂಟರಿನ ಪೆಟ್ಟಿಗೆಯ ಒಂದು ಪಕ್ಕ ಗಾಜು. ಒಳಗೆ ಫ್ಯಾನಿನ ನೆತ್ತಿಯ ಮೇಲೆ ಅಂಗೈಯಗಲದ ಪರದೆ. ಯಂತ್ರದ ಬಿಸಿ ಎಷ್ಟೆಂದು ಅದರಲ್ಲಿ ಅಂಕಿ ಹೊಳೆಯುತ್ತಿತ್ತು.

“ಪೆಟ್ಟಿಗೆ ಒಳಗೆ ಟೀವಿ ಯಾಕ್ರೀ? ಯಾರು ನೋಡ್ತಾರೆ ಅದನ್ನ?” ಎಂದಿದ್ದರು ಒಡತಿ ಮೇಡಂ.

“ಜ್ವರ ಬಂದ್ರೆ ಮೊದ್ಲೇ ಗೊತ್ತಾಗತ್ತೆ ಮೇಡಂ.”

“ಒಂದು ತಿಂಗಳು ಟೈಮ್ ಕೊಡ್ತೀನಿ. ಉಪಯೋಗ ಇದೆ ಅಂತ ತೋರಿಸಿ. ಇಲ್ಲಾಂದ್ರೆ ಕೀಳ್ಸಿ ವಾಪಸ್ ಕಳಿಸ್ತೀನಿ.”

ಪ್ಲಗ್ಗಿನ ದೆಸೆಯಿಂದ ಪೆಟ್ಟಿಗೆ ಮೇಜಿನ ಎಡತುದಿಯಲ್ಲಿ ಕೂತಿತು. ಗಾಜು ಆಚೆಗೆ, ಸ್ಕೇಲಣ್ಣನ ಕಡೆಗೆ ಬರೀ ತಗಡು. ಜ್ವರ ನೋಡಲು ಎರಡು ದಿನ ಎದ್ದು ಹೋದ. ಮೂರನೆಯ ದಿನ ಮರೆತ.

ಅದೂ ಅಲ್ಲದೆ ಇವತ್ತು ಅವನ ತಲೆಯೇ ಬಿಸಿಯಾಗಿತ್ತು. ದೊಡ್ಡ ಕಂಪನಿಯೊಂದಕ್ಕೆ ಕಚೇರಿ ಮೇಲ್ವಿಚಾರಕರು ಬೇಕಾಗಿದ್ದರು. ಅರ್ಜಿಗೆ ಸಂಜೆ ಐದು ಗಂಟೆಯೇ ಗಡುವು. “ಹನ್ನೆರಡು ವರ್ಷ ಊರವರ ಬಚ್ಚಲುಮನೆ ಬರೆದಿದ್ದು ಸಾಕು. ಇವತ್ತಾದ್ರೂ ಕಳಿಸಿ ಮಾರಾಯ್ರೆ,” ಎಂದು ಹೆಂಡತಿ ಬಾಗಿಲವರೆಗೂ ಬಂದು ಹೇಳಿದ್ದಳು.

ಕಣ್ಣು ಮಂದವಾದ್ದರಿಂದ ಅವನು ದಪ್ಪ ಅಕ್ಷರದಲ್ಲಿ ಶುರುಮಾಡಿದ: ‘ಈ ಕಚೇರಿ ನಡೆಯುತ್ತಿರುವುದು ನನ್ನೊಬ್ಬನಿಂದ.’ ಅಷ್ಟರಲ್ಲಿ ಮೇಡಂ ಚಪ್ಪಲಿಯ ಸದ್ದು. ಗಾಬರಿಯಲ್ಲಿ ಮೌಸ್ ಹಿಡಿದು ಅರ್ಜಿಯನ್ನು ಎಡಕ್ಕೆ ತಳ್ಳಿದ. ಅದು ಪರದೆಯ ಅಂಚು ದಾಟಿ ಬಾಲವೂ ಕಾಣದಂತೆ ಮಾಯವಾಯಿತು! ಮೇಡಂ ಹೋದಮೇಲೆ ಬಲಕ್ಕೆಳೆದರೆ ಕರೆದ ಕರುವಿನಂತೆ ಬಂತು. ಹೊಸ ಯಂತ್ರಕ್ಕೆ ಒಳ್ಳೆಯ ಹಿತ್ತಿಲಿದೆ ಎಂದು ಸ್ಕೇಲಣ್ಣ ಹಿಗ್ಗಿದ.

ಧೈರ್ಯ ಬಂದು ಮುಂದುವರಿಸಿದ. ‘ಒಡತಿಗೆ ಮೆಟ್ಟಿಲು ಎಣಿಸಲೂ ಬಾರದು. ಮೇಸ್ತ್ರಿ ಟೇಪು ಮುಟ್ಟದೆ ಕಣ್ಣಳತೆಯಲ್ಲೇ ಗೋಡೆ ಎಬ್ಬಿಸುತ್ತಾರೆ. ಟೈಪಿಸ್ಟ್ ಎರಡರಿಂದ ಮೂರರವರೆಗೆ ಕೂತಲ್ಲೇ ನಿದ್ದೆ.’ ಹೆಜ್ಜೆ ಸದ್ದಾದಾಗಲೆಲ್ಲ ಅರ್ಜಿ ಹಿತ್ತಿಲಿಗೆ, ಬಚ್ಚಲುಮನೆಯ ನಕ್ಷೆ ಮುಂಬಾಗಿಲಿಗೆ.

ಹನ್ನೊಂದಕ್ಕೆ ಮೇಡಂ ನೀರು ಕುಡಿಯಲು ಬಂದವರು ಲೋಟ ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ಹೊರಗೆ ಹೋಗಿ ಮೆಟ್ಟಿಲಿಳಿಯುತ್ತಾ ಗಟ್ಟಿಯಾಗಿ ಎಣಿಸತೊಡಗಿದರು. ಏದುಸಿರು ಬಿಡುತ್ತಾ ಮೇಲೆ ಬಂದು ಸ್ಕೇಲಣ್ಣನ ಮುಂದೆ ನಿಂತರು.

“ಹದಿನೇಳು.”

“ಏನು ಮೇಡಂ?”

“ಮೆಟ್ಟಿಲು. ಸುಮ್ನೆ ಹೇಳ್ದೆ.”

ಮಾನಿಟರಿನಲ್ಲಿ ಬಚ್ಚಲುಮನೆಯ ನಕ್ಷೆಯೇ ಇದೆಯೆಂದು ಸ್ಕೇಲಣ್ಣ ಮತ್ತೊಮ್ಮೆ ನೋಡಿಕೊಂಡ.

ಹನ್ನೆರಡಕ್ಕೆ ಮೇಸ್ತ್ರಿ ಮಾವ ಬಂದ. ಅವನೂ ನೀರು ಕುಡಿದ. ಹೊರಟವನು ತಿರುಗಿ ಬಂದು ಸ್ಕೇಲಣ್ಣನ ಮೇಜಿನುದ್ದಕ್ಕೂ ಟೇಪು ಹಿಡಿದ.

“ನಾಲ್ಕಡಿ ಎರಡಂಗುಲ. ಟೇಪಲ್ಲೇ ನೋಡಿದ್ದು, ಗೊತ್ತಾಯ್ತಾ?”

ಯಾರೋ ಕದ್ದು ಓದುತ್ತಿದ್ದಾರೆ! ಸ್ಕೇಲಣ್ಣ ಹಿಂದಿನ ಗೋಡೆ ನೋಡಿದ, ಚಾವಣಿ ನೋಡಿದ. ಗಡಿಯಾರದ ಗಾಜಿನಲ್ಲಿ ಕಾಣುತ್ತದೇನೋ ಎಂದು ಅದನ್ನು ಗೋಡೆಗೆ ಮುಖಮಾಡಿ ತೂಗುಹಾಕಿದ. ಪಾಸ್‌ವರ್ಡು ಬದಲಾಯಿಸಿದ. ಕೊನೆಗೆ ಹಳೆಯ ನಕ್ಷೆಯ ಹಾಳೆಗಳನ್ನು ಮಾನಿಟರಿನ ಮೇಲೆ ಹೊದಿಸಿ, ಹಾಲು ಕದ್ದ ಬೆಕ್ಕಿನಂತೆ ಒಳಗೆ ತಲೆ ತೂರಿಸಿ ಟೈಪು ಮಾಡಿದ.

ಟೈಪಿಸ್ಟ್ ಅಕ್ಕ ಮಾತ್ರ ಮರುಕದಿಂದ ನೋಡಿದಳು. ಅವಳ ಮೇಜು ಎಡಗಡೆ, ನೀರಿನ ಫಿಲ್ಟರಿನ ಪಕ್ಕ.

“ಮಾವನ ಕಣ್ಣು ನೋಡಿದ್ರಾ? ಹುಷಾರಾಗಿರಿ. ಅದೇನು ಬರೀತಿದೀರೋ ನಂಗೆ ಬೇಡ, ಆದ್ರೆ ಅವ್ರು ಬಂದ ತಕ್ಷಣ ಮುಚ್ಚಿಟ್ಬಿಡಿ. ನಾನು ಕೆಮ್ತೀನಿ.”

“ನೀವೊಬ್ರು ಇದೀರಲ್ಲ ಅಕ್ಕಾ, ಸಾಕು,” ಎಂದ ಸ್ಕೇಲಣ್ಣ.

ಅಕ್ಕ ಮನಸಾರೆ ಕೆಮ್ಮಿದಳು. ಐದು ನಿಮಿಷಕ್ಕೊಮ್ಮೆ ಕೆಮ್ಮು, ಅರ್ಜಿ ಎಡಕ್ಕೆ. ಯಾರೂ ಬಾರದಿದ್ದರೂ ಕೆಮ್ಮು, ಅರ್ಜಿ ಎಡಕ್ಕೆ. ಎರಡು ಗಂಟೆಯಾದರೂ ಅವಳಿಗೆ ನಿದ್ದೆ ಹತ್ತಲಿಲ್ಲ. ಅವಳ ಬೆರಳುಗಳು ಹುರಿಗಡಲೆಯಂತೆ ಚಟಪಟ ಎನ್ನುತ್ತಿದ್ದವು. ನಿದ್ದೆಯ ಸಾಲನ್ನು ಅಳಿಸಿಬಿಡಲೇ ಎಂದು ಸ್ಕೇಲಣ್ಣನಿಗೆ ಒಂದು ಕ್ಷಣ ಅನ್ನಿಸಿತು. ಆದರೆ ಸತ್ಯ ಸತ್ಯವೇ ಎಂದು ಬಿಟ್ಟ. ಮೂರೂವರೆಗೆ ಅವಳು ತಲೆನೋವೆಂದು ಹೇಳಿ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. ಕೆಮ್ಮಿ ಕೆಮ್ಮಿ ಬಂದಿರಬೇಕು, ಪಾಪ.

ಮೂರರೊಳಗೇ ಮುಗಿದಿದ್ದ ಅರ್ಜಿಯನ್ನು ಮತ್ತೆ ಮತ್ತೆ ಓದಿ, ಸ್ಕೇಲಣ್ಣ ನಾಲ್ಕೂ ನಲವತ್ತಕ್ಕೆ ಕಳಿಸಿ, ಎಂದಿನಂತೆ ಎಡಕ್ಕೆ ತಳ್ಳಿದ. ಮುಟ್ಟಿತೋ ಇಲ್ಲವೋ ಎಂಬ ಅನುಮಾನಕ್ಕೆ ಫೋನು ಮಾಡಿದ.

“ಮುಟ್ಟಿದೆ. ಆದ್ರೆ ಕೆಲಸ ಈಗಷ್ಟೇ ಇನ್ನೊಬ್ರಿಗೆ ಆಗೋಯ್ತಲ್ಲ!” ಎಂದಿತು ಆಚೆಯ ದನಿ. “ಒಬ್ರು ಮೂರು ಗಂಟೆಗೇ ಕಳಿಸಿದ್ರು. ಕರೆದ್ವಿ, ಬಂದ್ರು, ಸಹಿ ಹಾಕಿದ್ರು. ಅಲ್ರೀ, ಅರ್ಜಿ ಕಾಪಿ ಹೊಡೆಯೋದಾದ್ರೆ ಸ್ವಲ್ಪ ಬದಲಾಯಿಸ್ಬಾರ್ದಾ? ಅಕ್ಷರಕ್ಕೆ ಅಕ್ಷರ ಅವರದ್ದೇ. ಒಂದೇ ವ್ಯತ್ಯಾಸ. ಅದರಲ್ಲಿ ಎರಡರಿಂದ ಮೂರರವರೆಗೆ ನಿದ್ದೆ ಮಾಡೋದು ನಕ್ಷೆಗಾರ.”

ಸ್ಕೇಲಣ್ಣ ಎದ್ದು ಹೋಗಿ ಅಕ್ಕನ ಖಾಲಿ ಕುರ್ಚಿಯಲ್ಲಿ ಕುಸಿದ. ತಲೆಯೆತ್ತಿದ. ಎದುರಿಗೆ ತನ್ನದೇ ಪೆಟ್ಟಿಗೆ. ಗಾಜಿನೊಳಗೆ, ಫ್ಯಾನಿನ ನೆತ್ತಿಯ ಮೇಲೆ, ಬಿಸಿಯ ಅಂಕಿಯಿರಬೇಕಾದಲ್ಲಿ ಅವನ ಅರ್ಜಿ ದಪ್ಪಕ್ಷರದಲ್ಲಿ ದೀಪದಂತೆ ಬೆಳಗುತ್ತಿತ್ತು. ಯಂತ್ರ ಆ ಪುಟ್ಟ ಪರದೆಯನ್ನು ಎರಡನೆಯ ಮಾನಿಟರೆಂದು ತಿಳಿದಿತ್ತು. ಅವನು ಹಿತ್ತಿಲಿಗೆ ತಳ್ಳಿದ್ದೆಲ್ಲ ಬಂದು ಕೂತದ್ದು ಬೀದಿಬಾಗಿಲಲ್ಲಿ.

ಬೆನ್ನ ಹಿಂದೆ ಮೇಡಂ ಗಂಟಲು ಸರಿಮಾಡಿಕೊಂಡರು. ಸ್ಕೇಲಣ್ಣ ಎದ್ದು ನಿಂತ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನ ಬೆನ್ನು ಬಾಗಿತ್ತು.

“ನಾನು ಈ ಪೆಟ್ಟಿಗೇನ... ಆ ಕಡೆ ತಿರುಗಿಸ್ಬಿಡ್ತೀನಿ ಮೇಡಂ. ಪರದೆ ಕೀಳ್ಸೇ ಬಿಡೋಣ. ದಂಡ ಅದು.”

“ಛೆ ಛೆ! ಯಾರ್ರೀ ದಂಡ ಅಂದಿದ್ದು? ಇಷ್ಟು ಉಪಯೋಗದ ವಸ್ತು ಈ ಕಚೇರೀಲಿ ಇನ್ನೊಂದಿಲ್ಲ.” ಮೇಡಂ ಕುರ್ಚಿ ಎಳೆದು ಕೂತರು. “ಅಕ್ಕ ಈಗಷ್ಟೇ ಫೋನು ಮಾಡಿ ಕೆಲಸ ಬಿಟ್ಟೆ ಅಂದ್ರು. ಅವ್ರ ಟೈಪಿಂಗೂ ಇನ್ಮೇಲೆ ನಿಮ್ದೇ. ಕಚೇರಿ ನಿಮ್ಮೊಬ್ರಿಂದ್ಲೇ ತಾನೆ ನಡೀತಿರೋದು? ನಾನು ನಾಳೆಯಿಂದ ಇಲ್ಲೇ ಕೂರ್ತೀನಿ.”

ಮೇಸ್ತ್ರಿ ಮಾವ ಆಗಲೇ ಕುರ್ಚಿಯಿಂದ ಪೆಟ್ಟಿಗೆಗೆ ಟೇಪು ಎಳೆದಿದ್ದ.

“ಮೂರಡಿ ಮೇಡಂ. ಆರಾಮಾಗಿ ಓದಬಹುದು.”