ಗೂಡಿನ ಹಾರದ ಬಾಣಂತನ

ಕೋಲಾರದ ಆ ಪುಟ್ಟ ಸಭಾಂಗಣದಲ್ಲಿ ಆ ಬೆಳಿಗ್ಗೆ ಯಾರ್ಯಾರಿದ್ದರು ಎಂದು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದನ್ನು ನಂಬದವರು ಅವರನ್ನೇ ಕೇಳಿಕೊಳ್ಳಲಿ. ಕೈಯಿಂದ ಮಾಡಿದ ಒಡವೆಗಳ ಪ್ರದರ್ಶನ ಅದು. ಮಾವಿನ ವಾಟೆಯ ಓಲೆ, ಹುಣಸೆ ಬೀಜದ ಬಳೆ, ಸೈಕಲ್ ಚೈನಿನ ಡಾಬು ಹರಡಿಕೊಂಡು ಕೂತಿದ್ದ ಶ್ರೀನಿವಾಸಪುರ, ಮಾಲೂರಿನ ಕಲಾವಿದರು; ಉದ್ಘಾಟನೆಗೆಂದು ಬೆಂಗಳೂರಿನಿಂದ ಬಂದಿದ್ದ ಕಲಾಶಾಲೆಯ ಮೇಡಂ; ತಾಯಲೂರಿನಲ್ಲಿ ರೇಷ್ಮೆಹುಳ ಸಾಕುವ ನಮ್ಮಕ್ಕ ರತ್ನಮ್ಮ, ಅವಳ ಹಿಂದೆ ಒಂದು ಟೆಂಪೋ ತುಂಬ ನೆಂಟರ ಹೆಂಗಸರು; ನನ್ನ ಹೆಂಡತಿ ಸುಮಿತ್ರ; ಮತ್ತು ಅವಳ ಹಿಂದೆ, ಯಾರಾದರೂ ತಿರುಗಿ ನೋಡಿದರೆ ನಗುವುದಕ್ಕೆಂದೇ ನೇಮಕಗೊಂಡಿದ್ದ ನಾನು.

ಸುಮಿತ್ರಳಿಗೆ ಅದು ಪ್ರದರ್ಶನವಲ್ಲ, ಪರೀಕ್ಷೆ. ನರಸಾಪುರದ ಕಾರ್ಖಾನೆಯ ಪಾಳಿ ಕೆಲಸ ಬಿಟ್ಟು ಈ ಒಡವೆಯ ಹುಚ್ಚು ಹಿಡಿಸಿಕೊಂಡಿದ್ದಳು. "ಇಲ್ಲಿ ನಾನು ಮಾಡಿದ್ದನ್ನ ಒಬ್ಬರಾದ್ರೂ ಇಷ್ಟಪಟ್ಟು ಹಾಕ್ಕೊಂಡು ಬಾಗಿಲು ದಾಟಬೇಕು ರೀ. ಇಲ್ಲಾಂದ್ರೆ ಸೋಮವಾರ ಕಂಪನಿ ಬಸ್ಸು ಹತ್ತಿಬಿಡ್ತೀನಿ" ಎಂದಿದ್ದಳು. ರತ್ನಕ್ಕನೋ, ಚಿನ್ನ ಬಿಟ್ಟು ಬೇರೇನನ್ನೂ ಒಡವೆ ಎಂದು ಒಪ್ಪುವವಳಲ್ಲ. ಸುಮಿತ್ರ ರೇಷ್ಮೆಗೂಡಿನ ಹಾರ ಮಾಡುತ್ತಾಳಂತೆ ಎಂದಾಗ, "ಅದು ಮಾರೋ ವಸ್ತು ಕಣೇ, ಮೆರೆಯೋ ವಸ್ತುನಾ? ನಾಳೆ ಹಸು ಬೆರಣೀನೂ ಪೋಣಿಸ್ತೀಯಾ?" ಎಂದಳು. ಅಂದರೂ ಒಂದು ಮೊರ ಹಳದಿ ಗೂಡು ಕೊಟ್ಟೇ ಕಳಿಸಿದಳು. ನಮ್ಮ ಕಡೆ ಬೈಗುಳ ಬೇರೆ, ಕೊಡುವ ಕೈ ಬೇರೆ.

ಹಾರ ಪೋಣಿಸುವಾಗ ಸುಮಿತ್ರ ಕೇಳಿದ್ದಳು: "ಒಳಗಿರೋ ಹುಳ ಏನಾಗುತ್ತೆ ರೀ?" ಅವಳು ತರಕಾರಿ ಬೆಳೆಯುವ ಮನೆಯ ಮಗಳು, ಪಾಪ. ನಾನು ಗಂಭೀರವಾಗಿ, "ಅಲ್ಲೇ ಒಣಗುತ್ತೆ. ನಾಲ್ಕು ತಲೆಮಾರಿಂದ ಹುಳ ಸಾಕಿದ ಮನೆ ನಮ್ಮದು, ನನ್ನ ಕೇಳ್ತೀಯಲ್ಲ" ಎಂದೆ. ಆ ನಾಲ್ಕು ತಲೆಮಾರಿನ ಜ್ಞಾನವೆಲ್ಲ ಮಾರುಕಟ್ಟೆಯ ಬಾಗಿಲಿಗೇ ನಿಂತಿತ್ತು ಎಂಬುದು ನನಗೆ ಹೊಳೆದಿರಲಿಲ್ಲ. ಹುಳಕ್ಕೆ ಹಸಿವಾಗುವುದು ಯಾವಾಗ, ನಿದ್ದೆ ಯಾವಾಗ, ಮುನಿಸು ಯಾವಾಗ, ಎಲ್ಲ ನಮಗೆ ಗೊತ್ತು. ಗೂಡು ಕಟ್ಟಿತೋ, ಬಿಡಿಸಿ ಮಾರಿಬಿಡುವುದು. ಮುಂದಿನದು ನೂಲು ತೆಗೆಯುವವರ ಪಾಡು. "ಮಗಳನ್ನ ಕೊಟ್ಟ ಮನೆಯ ಅಡುಗೆ ವಿಚಾರಿಸಬಾರದು" ಎನ್ನುತ್ತಿದ್ದಳು ನಮ್ಮಜ್ಜಿ. ಹುಳ ಚಿಟ್ಟೆಯಾಗುತ್ತದೆ ಎಂದು ಶಾಲೆಯಲ್ಲಿ ನಾನೂ ಬರೆದಿದ್ದೆ. ಅಂಕ ಬಂದ ಮೇಲೆ ಆ ವಿಷಯ ನನ್ನ ಮಟ್ಟಿಗೆ ಮುಗಿದಿತ್ತು.

ದೀಪ ಹಚ್ಚುವ ಬದಲು ಒಂದು ಒಡವೆ ತೊಟ್ಟು ಉದ್ಘಾಟಿಸುವುದೆಂದು ತೀರ್ಮಾನವಾಗಿತ್ತು. ಮೇಡಂ ಎಲ್ಲವನ್ನೂ ನೋಡಿ ಸುಮಿತ್ರಳ ಹಾರವನ್ನೇ ಎತ್ತಿ ಕೊರಳಿಗೆ ಹಾಕಿಕೊಂಡರು. ಸುಮಿತ್ರ ನನ್ನ ಕೈ ಹಿಂಡಿದಳು. ಮೇಡಂ ಮೈಕಿನ ಮುಂದೆ ನಿಂತು, "ಒಡವೆ ಅಂದ್ರೆ ಬರೀ ಅಲಂಕಾರ ಅಲ್ಲ, ಅದಕ್ಕೊಂದು ಜೀವ ಇರಬೇಕು" ಎಂದರು. ಹಾಗೆಂದದ್ದೇ ತಡ, ಹಾರದ ಮಧ್ಯದ ಗೂಡು ಒದ್ದೆಯಾಯಿತು. ತುದಿಯಲ್ಲಿ ತೂತು ಬಿತ್ತು. ಬೆಳ್ಳನೆಯ ತಲೆಯೊಂದು ಹೊರಬಂದು ಸಭೆಯನ್ನು ನೋಡಿತು.

"ಬ್ಯಾಟ್ರಿ ಎಲ್ಲಿಟ್ಟಿದ್ದೀರಮ್ಮ?" ಎಂದರು ಸೈಕಲ್ ಚೈನಿನ ಕಲಾವಿದರು, ಹೊಟ್ಟೆಕಿಚ್ಚಿನಿಂದ.

ಪಕ್ಕದ ಗೂಡಿನಿಂದ ಇನ್ನೊಂದು ಬಂತು, ಅದರ ಪಕ್ಕದ್ದರಿಂದ ಮತ್ತೊಂದು. ಮೇಡಂ ಗಲ್ಲ ಮೇಲೆತ್ತಿಕೊಂಡು, "ಯಾರಾದ್ರೂ... ಸ್ವಲ್ಪ..." ಎಂದರು. ಸುಮಿತ್ರ ನನ್ನತ್ತ ತಿರುಗಿದಳು. "ನಾಲ್ಕು ತಲೆಮಾರು ಅಂದ್ರಲ್ಲ ರೀ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ನಾನು ನೇಮಕದಂತೆ ನಕ್ಕೆ.

ಅಷ್ಟರಲ್ಲಿ ರತ್ನಕ್ಕ ಕುರ್ಚಿಯಿಂದೆದ್ದಳು. "ಅಯ್ಯೋ ದೇವುಡಾ! ಅಲ್ಲಾಡಬೇಡ ತಾಯಿ! ಮೈಗೇನು ಸೆಂಟು ಹಾಕ್ಕೊಂಡಿದೀಯಾ? ಹುಳಕ್ಕೆ ಆಗಲ್ಲ! ಏಯ್, ಆ ಅಗರಬತ್ತಿ ಆರಿಸ್ರೋ! ಫ್ಯಾನ್ ನಿಲ್ಸು!" ಹುಳದ ಮನೆಯಲ್ಲಿ ಹೊಗೆ ಇಲ್ಲ, ವಾಸನೆ ಇಲ್ಲ, ಒಗ್ಗರಣೆಯ ಘಾಟು ಸುಳಿಯುವಂತಿಲ್ಲ, ಆ ಕಾನೂನೆಲ್ಲ ನಿಮಿಷದಲ್ಲಿ ಸಭಾಂಗಣದ ಮೇಲೆ ಜಾರಿಯಾಯಿತು. ಅವಳ ನೆಂಟರು ಎಲ್ಲಿಂದಲೋ ಸುಣ್ಣದ ಪುಡಿ ತಂದು, ಹುಳಕ್ಕೆ ರೋಗ ಸೋಕದಂತೆ ಹೊಸಲಿಗೆ ಚೆಲ್ಲಿದರು. ಬಂದವರೆಲ್ಲ ಚಪ್ಪಲಿ ಬಿಟ್ಟು, ಕೈ ತೊಳೆದು, ಸುಣ್ಣ ತುಳಿದು ಒಳಗೆ ಬರಬೇಕಾಯಿತು. ತಿಂಡಿಗೆಂದು ತಂದಿದ್ದ ಮಸಾಲೆವಡೆ ಬೀದಿಗೆ ಹೋಯಿತು, ಅದರ ಹಿಂದೆ ಅರ್ಧ ಸಭೆಯೂ ಹೋಯಿತು. ಮೇಡಂ ಮಾತ್ರ ಬೊಂಬೆಯಂತೆ ನಿಂತಿದ್ದರು, ಎದೆಯ ಮೇಲೆ ಚಿಟ್ಟೆಗಳು ರೆಕ್ಕೆ ಒಣಗಿಸಿಕೊಳ್ಳುತ್ತಿದ್ದವು.

ರತ್ನಕ್ಕ ಹತ್ತಿರ ಹೋಗಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಲೇ, ಇವು ಇಂಗಾಗ್ತವೇನೋ?" ಎಂದಳು, ಸಣ್ಣ ದನಿಯಲ್ಲಿ. "ಬುದ್ಧಿ ಬಂದಾಗಿಂದ ಸಾಕಿದೀನಿ. ಒಂದ್ಸಲಾನೂ ಮಕ ನೋಡಿರಲಿಲ್ಲ ಕಣೋ."

ರತ್ನಕ್ಕ ಮೇಡಂ ಕೊರಳಿನಿಂದ ಹಾರವನ್ನು ಎಳೆಗೂಸಿನಂತೆ ಎತ್ತಿ, ತನ್ನ ಕಾಸಿನ ಸರವನ್ನು ಬಿಚ್ಚಿ ಚೀಲಕ್ಕೆ ತುರುಕಿ, ಹಾರವನ್ನು ತಾನು ಹಾಕಿಕೊಂಡಳು. "ಇದು ನಂದು. ನನ್ನ ಮನೇಲಿ ಬೆಳೆದಿದ್ದು, ನನ್ನ ಮೇಲೇ ಇರಲಿ" ಎಂದು ಚಿನ್ನ ತೊಟ್ಟ ಠೀವಿಯಲ್ಲೇ ಬಾಗಿಲು ದಾಟಿದಳು. ನೆಂಟರ ಹೆಂಗಸರು ಸುಮಿತ್ರಳನ್ನು ಸುತ್ತುವರಿದರು. "ನಂಗೂ ಒಂದು ಹಾಕ್ಕೊಡಮ್ಮ, ನಮ್ಮನೆ ಗೂಡಲ್ಲಿ. ಆದ್ರೆ ಬಿಸಿಲಿಗಿಡಬೇಡ, ಬದುಕಿರೋದೇ ಬೇಕು."

ಸೋಮವಾರ ಕಂಪನಿ ಬಸ್ಸು ನಮ್ಮ ತಿರುವಿನಲ್ಲಿ ನಿಂತು, ಹಾರನ್ ಹೊಡೆದು, ಖಾಲಿ ಸೀಟಿನೊಂದಿಗೆ ಹೋಯಿತು. ಸುಮಿತ್ರ ಒಳಗೆ ಕೂತು ಗೂಡು ಪೋಣಿಸುತ್ತಿದ್ದಳು.

ಗಲಾಟೆಯಲ್ಲಿ ಎರಡು ಚಿಟ್ಟೆಗಳು ನನ್ನ ಹೆಗಲ ಶಾಲು ಸೇರಿ ಮನೆಗೆ ಬಂದಿದ್ದವು. ಅವು ಶಾಲಿನ ಮೇಲೆ ಸಾಸಿವೆಯಂತೆ ಮೊಟ್ಟೆ ಇಟ್ಟವು. ಒಗೆಯಲು ಸುಮಿತ್ರ ಬಿಡಲಿಲ್ಲ. ಮೊನ್ನೆ ಮೊಟ್ಟೆ ಒಡೆದು ಕಪ್ಪು ಎಳೆಯಂಥ ಮರಿಗಳು ಬಂದವು. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು ತಪ್ಪಲಿ ಎಂದೇ ನಾನು ಚಿಕ್ಕಂದಿನಲ್ಲಿ ಕಷ್ಟಪಟ್ಟು ಓದಿ ಕಚೇರಿ ನೌಕರಿ ಹಿಡಿದದ್ದು. ಈ ಬೆಳಿಗ್ಗೆ ರಜಾ ಹಾಕಿ, ಕುಡುಗೋಲು ಹಿಡಿದು, ತಾಯಲೂರಿನ ಬಸ್ಸು ಹತ್ತಿದೆ.