ಎರಡನೆಯ ಕ್ಲಿಕ್ಕಿನ ಹಕ್ಕು

ಹಠ ಹಿಡಿಯಲು ದೊಡ್ಡ ವಿಷಯವೇ ಬೇಕು ಎಂದುಕೊಂಡವರು ನನ್ನ ಜೊತೆ ಒಂದು ದಿನ ಕಳೆಯಬೇಕು. ನನ್ನ ಹಠವೆಲ್ಲ ಕಂಪ್ಯೂಟರ್ ಪರದೆಯ ಕೆಳಗಿರುವ ಬೆರಳಗಲದ ಪಟ್ಟಿಯಲ್ಲಿದೆ. ಅದಕ್ಕೆ ಟಾಸ್ಕ್‌ಬಾರ್ ಎನ್ನುತ್ತಾರೆ. ತೆರೆದಿಟ್ಟ ಒಂದೊಂದು ಕೆಲಸಕ್ಕೂ ಅಲ್ಲೊಂದು ಗುಂಡಿ. ಒಮ್ಮೆ ಒತ್ತಿದರೆ ಕೆಲಸ ಮೇಲೆ ಬರಬೇಕು, ಮತ್ತೊಮ್ಮೆ ಒತ್ತಿದರೆ ಕೆಳಗಿಳಿದು ಸುಮ್ಮನೆ ಕೂರಬೇಕು. ಇದು ನನ್ನ ಅಭಿಪ್ರಾಯವಲ್ಲ, ತೀರ್ಮಾನ.

ಬೈಲಹೊಂಗಲದಲ್ಲಿ ನಮ್ಮದು ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ. ನನ್ನ ಯಜಮಾನರು ನಡೆಸುತ್ತಿದ್ದರು, ಅವರು ತೀರಿಕೊಂಡ ಮೇಲೆ ನಾನು. ನಮ್ಮ ಕಡೆ ಪತ್ರಿಕೆ ಬರೆಸಲು ಒಬ್ಬರೇ ಬರುವುದಿಲ್ಲ. ಮನೆಮಂದಿಯೆಲ್ಲ ಬಂದು, ನನ್ನ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡು, ಯಾವ ಕಾಕಾನ ಹೆಸರು ಯಾವ ಮಾವನ ಮೇಲಿರಬೇಕು ಎಂದು ಪರದೆ ನೋಡುತ್ತಲೇ ಜಗಳಾಡುತ್ತಾರೆ. ಹೀಗಾಗಿ ಒಂದು ಮನೆಯ ಪತ್ರಿಕೆ ಇನ್ನೊಂದು ಮನೆಯವರ ಕಣ್ಣಿಗೆ ಬೀಳಬಾರದು. ಬಾಗಿಲಲ್ಲಿ ಚಪ್ಪಲಿ ಸಪ್ಪಳವಾದರೆ ಯಜಮಾನರು ತಲೆಯೆತ್ತದೆ ಒಂದು ಕ್ಲಿಕ್ ಮಾಡುತ್ತಿದ್ದರು, ಪತ್ರಿಕೆ ಮಾಯ. ಅಂಗಡಿಯ ಮರ್ಯಾದೆ ನಿಂತದ್ದೇ ಆ ಕ್ಲಿಕ್ಕಿನ ಮೇಲೆ.

ಮೊನ್ನೆ ಯಂತ್ರ ನಿಧಾನವಾಯಿತೆಂದು ಸವದತ್ತಿಯ ಇರ್ಫಾನ್ ಅದಕ್ಕೆ ಹೊಸ ವ್ಯವಸ್ಥೆ ಹಾಕಿಕೊಟ್ಟ. ಯಜಮಾನರ ಕಾಲದಿಂದ ರಿಪೇರಿಗೆ ಬರುವವನು, ಅವರಿಗೆ ಅಣ್ಣಾರು, ನನಗೆ ವೈನಿ, ಅಂದರೆ ಅತ್ತಿಗೆ, ಎನ್ನುವವನು. ಹೊಸದರಲ್ಲಿ ಗುಂಡಿ ಒತ್ತಿದರೆ ಯಾವುದೂ ಕೆಳಗಿಳಿಯುವುದಿಲ್ಲ. ತೆರೆದ ಪತ್ರಿಕೆಗಳೆಲ್ಲ ಚಿಕ್ಕಚಿಕ್ಕದಾಗಿ ಸಾಲುಗಟ್ಟಿ ಎದ್ದು ನಿಲ್ಲುತ್ತವೆ, ಓಣಿಯ ಜಗಳ ನೋಡಲು ನಿಂತ ಮಂದಿಯ ಹಾಗೆ. ಮೊದಲ ದಿನವೇ ಸಂಪಗಾಂವದ ಹಿರಿಯರೊಬ್ಬರು ಮಗಳ ಪತ್ರಿಕೆ ತಿದ್ದಿಸಲು ಬಂದರು. ನಾನು ರೂಢಿಯಂತೆ ಕ್ಲಿಕ್ ಮಾಡಿದೆ. ಸಾಲು ಎದ್ದು ನಿಂತಿತು. ಅವರು ಕನ್ನಡಕ ಏರಿಸಿ ಬಗ್ಗಿದರು.

“ತಡೀರಿ ಅಕ್ಕಾರ. ಅದು ನಮ್ಮ ತಮ್ಮನ ಮಗನ ಫೋಟೋ ಅಲ್ಲೇನ್ರಿ?”

“ಇರಬಹುದ್ರಿ.”

“ಲಗ್ನ ಗಟ್ಟಿ ಆಗೇತಿ, ನನಗ ಹೇಳೇ ಇಲ್ಲ ನಮ್ಮ ತಮ್ಮ. ನನ್ನ ಹೆಸರಾದ್ರೂ ಹಾಕ್ಯಾನೋ ಇಲ್ಲೋ, ದೊಡ್ಡದು ಮಾಡ್ರಿ ನೋಡೂಣು.”

ಹಾಕಿರಲಿಲ್ಲ. ಅವರು ಅಲ್ಲೇ ಕುಳಿತು ಮಗಳ ಪತ್ರಿಕೆಯಿಂದ ತಮ್ಮನ ಹೆಸರು ತೆಗೆಸಿದರು.

ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಆ ಸಾಲಿನಲ್ಲಿ ಯಜಮಾನರೂ ಇದ್ದರು. ಅವರ ವರ್ಷದ ಪುಣ್ಯಸ್ಮರಣೆಯ ಕಾರ್ಡನ್ನು ನಾನೇ ಮಾಡುತ್ತಿದ್ದೆ. ಫೋಟೋ ಕೂರಿಸಿ, ಕೆಳಗೆ ಎರಡು ಸಾಲು ಬರೆಯಲಾಗದೆ ತೆರೆದೇ ಇಟ್ಟಿದ್ದೆ. ಮೊದಲಾದರೆ ಧೈರ್ಯ ಬಂದಾಗ ಒತ್ತಿ ನೋಡುತ್ತಿದ್ದೆ, ಸಾಕೆನಿಸಿದಾಗ ಇನ್ನೊಮ್ಮೆ ಒತ್ತಿ ಇಳಿಸುತ್ತಿದ್ದೆ. ಈಗ ಯಾರ ಮದುವೆಯ ಗುಂಡಿ ಒತ್ತಿದರೂ ವಧೂವರರ ಪಕ್ಕದಲ್ಲಿ ಅವರು. ಹಿಂದೆ ಕುಳಿತವರು ಲೊಚಗುಟ್ಟಿ, ಪಾಪ ಎನ್ನುತ್ತಿದ್ದರು.

ಇರ್ಫಾನನಿಗೆ ಫೋನ್ ಮಾಡಿದೆ.

“ರೂಢಿ ಆಗ್ತೈತಿ ವೈನಿ. ಈಗ ಎಲ್ಲಾ ಕಡೆ ಹಿಂಗ ಐತಿ.”

“ಎಲ್ಲಾ ಕಡೆ ಇರಲಿ. ನನ್ನ ಅಂಗಡ್ಯಾಗ ಬ್ಯಾಡ.”

“ಅಣ್ಣಾರ ಕಾರ್ಡ್ ಒಂದು ಮುಚ್ಚಿಬಿಡ್ರಿ. ತ್ರಾಸ ಇರಂಗಿಲ್ಲ.”

“ನಾಳೆ ಬಂದು ಮೊದಲಿನಂಗ ಮಾಡಿ ಹೋಗು. ಮುಚ್ಚೂದು ನನಗ ಬಿಡು.”

ಮುಚ್ಚಿಬಿಡು ಎಂಬ ಮಾತನ್ನು ವರ್ಷವಿಡೀ ಕೇಳಿದ್ದೇನೆ. ಫೋಟೋ ನೋಡುತ್ತ ಕೂರಬೇಡ ಎಂದವರೇ, ನಾನು ಒಂದು ಮದುವೆಯಲ್ಲಿ ನಕ್ಕದ್ದಕ್ಕೆ ಇಷ್ಟು ಬೇಗ ಮರೆತಳೇ ಎಂದರು. ಯಜಮಾನರು ಯಾವಾಗ ಕಣ್ಣೆದುರು ಬರಬೇಕು, ಯಾವಾಗ ಕೆಳಗಿರಬೇಕು ಎಂಬುದನ್ನು ಊರೂ ಹೇಳಬಾರದು, ಯಂತ್ರವೂ ಹೇಳಬಾರದು. ಮೌಸಿನ ಮೇಲಿರುವುದು ನನ್ನ ಬೆರಳು.

ಮರುದಿನ ಇರ್ಫಾನ್ ಗೊಣಗುತ್ತ ಬಂದ. ಎಲ್ಲೋ ಒಳಗೆ ಹುಡುಕಿ, ಏನನ್ನೋ ಬದಲಿಸಿ, ಕುರ್ಚಿ ಬಿಟ್ಟುಕೊಟ್ಟ. “ಒಂದಕ್ಕ ಮ್ಯಾಲ, ಇನ್ನೊಂದಕ್ಕ ಕೆಳಗ. ಒತ್ತಿ ನೋಡ್ರಿ.”

ಒತ್ತಿದೆ. ಯಜಮಾನರು ಪರದೆ ತುಂಬ ಬಂದರು. ಅವನು ಕಾದ.

“ಇನ್ನೊಮ್ಮೆ ಒತ್ರಿ ವೈನಿ, ಹೋಗ್ತಾರ.”

ಅಷ್ಟು ಜಗಳವಾಡಿ ಪಡೆದ ಎರಡನೆಯ ಕ್ಲಿಕ್ಕನ್ನು ಆ ಮಧ್ಯಾಹ್ನ ನಾನು ಮಾಡಲೇ ಇಲ್ಲ. ಬಾಗಿಲಿಗೆ ಬಂದ ಗಿರಾಕಿಗಳಿಗೆ, “ಮಷೀನ್ ಕೆಟ್ಟೈತ್ರಿ, ನಾಳೆ ಬರ್ರಿ,” ಎಂದೆ. ರಿಪೇರಿ ಮಾಡಿದವನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡ.