ಎಂಟು ನಿಂಬಿಹಣ್ಣು, ಒಂದು ಲ್ಯಾಬು

ಜೀವಶಾಸ್ತ್ರದಾಗ ಒಂದು ಪಾಠ ಅದ ನೋಡ್ರಿ, ಅದನ್ನ ಹೇಳ್ಲಿಕ್ಕೆ ನಿಂತ್ನೆಂದ್ರ ಏನರ ಒಂದು ಫಜೀತಿ ಆಗೇ ತೀರ್ತದ. ಜೀನ್‌ಗಳ ಬಾಯಿ ಹೆಂಗ ಮುಚ್ಚತದ ಅನ್ನೋ ಪಾಠ. ಡಿಎನ್‌ಎ ಅನ್ನೋ ಉದ್ದ ದಾರದ ಮ್ಯಾಲ ಮೀಥೈಲ್ ಅಂತ ಸಣ್ಣ ಚುಕ್ಕಿ ಕುಂಡ್ರತಾವ. ಆ ಚುಕ್ಕಿ ಗುರುತು ಹಿಡದು ಪ್ರೋಟೀನ್‌ಗಳು ಬಂದು ದಾರ ಬಿಗಿಯಾಗಿ ಸುತ್ತಿಬಿಡ್ತಾವ. ಸುತ್ತಿದ ಮ್ಯಾಲ ಅಲ್ಲಿ ಬರದದ್ದು ಯಾರಿಗೂ ಓದ್ಲಿಕ್ಕೆ ಬರಂಗಿಲ್ಲ, ಜೀನ್ ಗಪ್‌ಚಿಪ್. ಇಷ್ಟೇ ಪಾಠ. ಇಷ್ಟು ಹೇಳ್ಲಿಕ್ಕೆ ಹೋಗಿ ನಾ ಮೂರು ತಾಲೂಕಿನಾಗ ಮಂದಿ ಬಾಯಿಗಿ ಬಿದ್ದೇನಿ.

ಪಿಯು ಕಾಲೇಜಿನಾಗ ಪಾಠ ಹೇಳ್ಲಿಕ್ಕೆ ಸೇರಿದಾಗಿಂದ ನಂದು ಒಂದೇ ಆಸೆ. ಒಂದು ಸ್ವಂತ ಲ್ಯಾಬ್ ಖೋಲಿ ಬೇಕು, ಅದಕ್ಕೊಂದು ಕೀಲಿ ಬೇಕು. ಅದು ಸಿಕ್ಕಿದ್ದು ಭಾಳ ತಡ ಆಗಿ, ಕೈ ಬಿಟ್ಟು ಹೋಗ್ಲಿಕ್ಕೆ ಬಂದಿದ್ದು ಭಾಳ ಲಗೂ.

೧. ಕನ್ನಡಿ ಮುಂದಿನ ಹುಡುಗ

ಮೊದಲ ನೌಕರಿ ಜೇವರ್ಗಿಯಾಗ. ಅಲ್ಲಿ ಲ್ಯಾಬೂ ಇಲ್ಲ ಗೀಬೂ ಇಲ್ಲ, ಬೇವಿನ ಗಿಡದ ಬುಡಕ ಹಲಗಿ ಆನಿಸಿ ಪಾಠ. "ನಿಮ್ಮ ಮೈಯಾಗಿನ ಹೆಚ್ಚುಕಮ್ಮಿ ಎಲ್ಲಾ ಕೋಶದಾಗೂ ಅವೇ ಜೀನ್ ಇರ್ತಾವ. ಹಲ್ಲಿನ ಜೀನ್ ಕಣ್ಣಿನ ಕೋಶದಾಗೂ ಅದ, ಬಾಯಿ ಮುಚ್ಕೊಂಡು ಕುಂತದ ಅಷ್ಟ" ಅಂದೆ.

ಮರುದಿನ ಒಬ್ಬ ಹುಡುಗನ ಅಪ್ಪ ಬಂದ್ರು. "ಮೇಡಂ, ನಮ್ಮ ಹುಡುಗ ಮುಂಜಾನಿಂದ ಕನ್ನಡಿ ಬಿಟ್ಟು ಏಳವಲ್ಲ. ಕಣ್ಣಾಗ ಹಲ್ಲು ಬರ್ತದಂತ ನೀವೇ ಹೇಳೀರಂತ."

"ಬರಂಗಿಲ್ರಿ. ಆ ಜೀನ್ ಮುಚ್ಚೇದ."

"ನಾಳಿ ತೆರಕೊಂಡ್ರ?"

"ಹಂಗೆಲ್ಲ ತೆರಿಯಂಗಿಲ್ರಿ, ಪಕ್ಕಾ ಸುತ್ತಿಟ್ಟದ" ಅಂತ ಅರ್ಧಾ ತಾಸು ಸಮಾಧಾನ ಹೇಳ್ದೆ. ಅವರು ನಮಸ್ಕಾರ ಮಾಡಿ ಗೇಟಿನ ತನಕ ಹೋದ್ರು, ಅತ್ಲಾಗ ಇತ್ಲಾಗ ನೋಡಿ ವಾಪಸ್ ಬಂದ್ರು. ತಲಿ ಮ್ಯಾಲಿನ ಟೊಪಗಿ ತೆಗದ್ರು. ಒಂದು ಕೂದಲ ಇಲ್ಲ.

"ಇಲ್ಲಿನ ಜೀನ್ ಯಾವಾಗ ಬಾಯಿ ಮುಚ್ಚಿದ್ವೋ ಗೊತ್ತೇ ಆಗ್ಲಿಲ್ರಿ ಮೇಡಂ. ತೆಗಸ್ಲಿಕ್ಕೆ ಏನರ ಎಣ್ಣಿ ಅದೇನ್ರಿ?"

೨. ಬಾದಶಾ

ಆಳಂದದಾಗ ಲ್ಯಾಬ್ ಇತ್ತು, ಆದ್ರ ಅದರ ತುಂಬ ಕ್ರಿಕೆಟ್ ಬ್ಯಾಟು, ಹಳೇ ಫೈಲು. ಸೂಕ್ಷ್ಮದರ್ಶಕ ನನ್ನ ಬಾಡಿಗಿ ಮನ್ಯಾಗ ಇಟ್ಟಿದ್ದೆ. ಮನಿ ಮಾಲಕರು ಅರಿಬಿ ಅಂಗಡಿ ಚಾಚಾ. ಅವರದೊಂದು ಬೆಕ್ಕು, ಕರಿ, ಕೆಂಚು, ಬಿಳಿ ಮೂರೂ ಬಣ್ಣ. ಹೆಸರು ಬಾದಶಾ. "ಓಣ್ಯಾಗಿನ ಎಲ್ಲಾ ಬೆಕ್ಕು ಇವಂಗ ಸಲಾಂ ಹೊಡಿತಾವ್ರಿ" ಅಂತ ಚಾಚಾ ಮೀಸಿ ತಿರುವ್ತಿದ್ರು.

ನನ್ನ ಬಾಯಿ ಸುಮ್ಮ ಇರಬೇಕಲ್ಲ? "ಚಾಚಾ, ಇವ ಹೆಣ್ಣು ಇರಬೇಕ್ರಿ. ಹೆಣ್ಣಿಗಿ ಎಕ್ಸ್ ಕ್ರೋಮೋಸೋಮ್ ಎರಡು. ಒಂದ್ರಾಗ ಕರಿ ಬಣ್ಣ, ಒಂದ್ರಾಗ ಕೆಂಚು. ಒಂದೊಂದು ಕೋಶ ಒಂದೊಂದನ್ನ ಸುತ್ತಿ ಬಾಯಿ ಮುಚ್ಚಿಸ್ತದ. ಅದಕ್ಕೇ ಇಲ್ಲಿ ಕರಿ, ಅಲ್ಲಿ ಕೆಂಚು."

"ತೌಬಾ ತೌಬಾ! ಹೆಚ್ಚಿಗಿ ಓದಿದ್ರ ಹಿಂಗೇ ಆಗ್ತದ ನೋಡ್ರಿ, ಗಂಡಿಗಿ ಹೆಣ್ಣಂತೀರಿ."

ಒಂದು ತಿಂಗಳಾಗಿರಬೇಕು. ಅಂಗಡ್ಯಾಗ ಲುಂಗಿ ಗಂಟಿನ ಹಿಂದ ಮಿಯಾಂವ್ ಮಿಯಾಂವ್. ನಾಲ್ಕು ಮರಿ! ಚಾಚಿ ಸೆರಗು ಬಾಯಿಗಿ ಹಿಡದು ನಕ್ಕಿದ್ದೇ ನಕ್ಕಿದ್ದು. ಚಾಚಾ ಸಂಜಿಮುಂದ ನನ್ನ ಬಾಗಿಲಿಗಿ ಬಂದು ಮೆಲ್ಲಗ ಅಂದ್ರು, "ಮೇಡಂ, ನಿಮ್ಮ ಸೈನ್ಸ್ ಖರೇ ಆಯ್ತು, ಒಪ್ಕೊಂಡೆ. ಆದ್ರ ಹೆಸರು ಬದಲಿ ಮಾಡಂಗಿಲ್ರಿ. ನಾಲ್ಕು ಮಕ್ಕಳ ಬಾದಶಾ ಅಂದ್ರ ಇಜ್ಜತ್ ಕಮ್ಮೀನಾ?"

೩. ಯಾರ ಮ್ಯಾಲ?

ಅಫಜಲಪುರಕ್ಕ ಬಂದ ಮ್ಯಾಲ ಕಡೀಗೂ ಲ್ಯಾಬ್ ಸಿಕ್ಕಿತು. ಪ್ರಿನ್ಸಿಪಾಲರ ಖೋಲಿ ಬಾಜುಕೇ. ಕೀಲಿ ಕೈಯಾಗ ಬಂದ ದಿನ ಖುಷಿಗಿ ನಂಗ ಊಟಾನೇ ಸೇರ್ಲಿಲ್ಲ.

ಎರಡು ವರ್ಷ ಕಳೀತು. ಒಂದಿನ ಪ್ರಿನ್ಸಿಪಾಲರು ಕರದು, "ಮೇಡಂ, ಮುರದ ಬೆಂಚು ವರಾಂಡಾದಾಗ ಬಿದ್ದಾವ. ನಿಮ್ಮ ಲ್ಯಾಬಿನಾಗ ಒಟ್ಟಿಬಿಡೋಣು. ಅಲ್ಲೇನು ಯಾರೂ ಬರಂಗಿಲ್ಲ" ಅಂದ್ರು. ಕಾಲೇಜು ನೋಡ್ಲಿಕ್ಕೆ ಆಫೀಸರ್ ಬರೋರಿದ್ರು. ಲ್ಯಾಬ್ ನಡೀಲಾಕತ್ತದ ಅಂತ ಅವರು ಬರದ್ರ ನಾ ಉಳದೆ, ಇಲ್ಲಾಂದ್ರ ಬೆಂಚೇ ಗತಿ. ಒಂದು ಚಂದದ ಮಾದರಿ ಮಾಡಿ ತೋರಿಸ್ಬೇಕು ಅಂತ ನಿರ್ಧಾರ ಮಾಡ್ದೆ.

ಡಿಎನ್‌ಎ ದಾರ ಸುತ್ತೋದು ಎಂಟು ಪ್ರೋಟೀನಿನ ಒಂದು ಗುಂಪಿಗಿ. ಎಂಟು ದುಂಡನೆ ಸಾಮಾನು ಬೇಕಲ್ಲ? ನಮ್ಮ ಜವಾನ ಕಾಕಾ ಕರಜಗಿ ಊರಿನವರು, ಹೊಲದಿಂದ ಎಂಟು ನಿಂಬಿಹಣ್ಣು ತಂದುಕೊಟ್ರು. ಅಂಗಡ್ಯಾಗ ಸಿಕ್ಕಿದ್ದು ಕರಿ ದಾರ; ಎರಡು ಸುತ್ತು ಬಿಗಿಯಾಗಿ ಸುತ್ತಿದೆ. ಮೀಥೈಲ್ ಚುಕ್ಕಿ ದೂರಿಂದ ಕಾಣ್ಲಿ ಅಂತ ಕುಂಕುಮ ಹಚ್ಚಿದೆ. ಆಫೀಸರ್ ಬರೋ ದಿನ ಮುಂಜಾನಿ ಒಳಗ ನೆಲ ಒರಸಿದ್ದು ಹಸಿ ಇತ್ತು, ಅದಕ್ಕ ಮಾದರಿ ಲ್ಯಾಬಿನ ಹೊಸ್ತಿಲ ಮ್ಯಾಲ ಇಟ್ಟು ಕೈ ತೊಳ್ಕೊಳ್ಳಿಕ್ಕೆ ಹೋದೆ. ದೇವರಾಣಿ, ಮನಸ್ಸಿನಾಗ ಬ್ಯಾರೆ ಏನೂ ಇರ್ಲಿಲ್ಲ.

ಧಡಾಲ್ ಅಂತ ಸಪ್ಪಳಾತು. ಓಡಿ ಬಂದು ನೋಡ್ತೇನಿ, ಬೆಂಚ್ ಹೊತ್ತು ತಂದ ಇಬ್ಬರು ಆಳು ಬೆಂಚ್ ಅಲ್ಲೇ ಒಗದು ಗೇಟ್ ದಾಟ್ಯಾರ. ಪ್ರಿನ್ಸಿಪಾಲರು ಗ್ವಾಡಿಗಿ ಅಂಟ್ಕೊಂಡು ನಿಂತಾರ.

"ಮೇಡಂ, ಇದು ಯಾರು ಮಾಡಿದ್ದು?"

"ನಾನೇ ಸರ್."

"ನೀವಾ? ಯಾರ ಮ್ಯಾಲ?"

"ಯಾರ ಮ್ಯಾಲೂ ಅಲ್ಲ ಸರ್, ಇದು ಬಾಯಿ ಮುಚ್ಚಿಸೋ ಪದ್ಧತಿ."

ಅವರ ಮಾರಿ ಇನ್ನಷ್ಟು ಬೆಳ್ಳಗಾತು. ನಾ ಗಡಿಬಿಡಿಯಾಗ ಪಾಠಾನೇ ಶುರು ಮಾಡ್ದೆ. "ಈ ಕೆಂಪು ಚುಕ್ಕಿ ಇದ್ದಲ್ಲಿ ಯಾರೂ ಹತ್ರ ಬರಂಗಿಲ್ಲ ಸರ್. ಈ ದಾರ ಬಿಗಿ ಆದ್ರ ಒಳಗಿಂದು ಒಳಗೇ ಉಳೀತದ. ಒಮ್ಮೆ ಹತ್ತಿತಂದ್ರ ಮುಂದಿನ ಪೀಳಿಗಿ ಕೋಶಕ್ಕೂ ಹೋಗ್ತದ. ಒಮ್ಮೊಮ್ಮೆ ಬಾಜುಕೂ ಹರಡ್ತದ."

ಒಂದೂ ಸುಳ್ಳು ಹೇಳ್ಲಿಲ್ರಿ ನಾ! ಆದ್ರ ಪ್ರಿನ್ಸಿಪಾಲರು, "ಸಾಕು ಮೇಡಂ, ಸಾಕು" ಅಂತ ಕೈ ಮುಗದು ತಮ್ಮ ಖೋಲಿ ಸೇರಿ ಒಳಗಿಂದ ಚಿಲಕ ಹಾಕ್ಕೊಂಡ್ರು.

ಮಧ್ಯಾಹ್ನ ಆಫೀಸರ್ ಬಂದ್ರು. ಹೊಸ್ತಿಲ ದಾಟ್ಲಿಲ್ಲ. ನಾಲ್ಕು ಮಾರು ದೂರದಿಂದಲೇ ಬಗ್ಗಿ ನೋಡಿ, "ಪ್ರಯೋಗಾಲಯ ಉಪಯೋಗದಲ್ಲಿದೆ" ಅಂತ ಬರದು ಭರಭರ ಜೀಪ್ ಹತ್ತಿದ್ರು. ಬೆಂಚ್ ಸೀದಾ ಸ್ಟಾಫ್ ರೂಮಿಗಿ ಹೋದ್ವು. ಆಮ್ಯಾಲ ನಾ ಎಲ್ಲಾರನ್ನೂ ಕೂಡ್ರಿಸಿ, ಇದು ಮಾಟ ಅಲ್ಲ ವಿಜ್ಞಾನ ಅಂತ ತಿಳಿಸಿ ಹೇಳ್ದೆ. ಎಲ್ಲಾರೂ ಹೂಂ ಅಂದ್ರು. ಲ್ಯಾಬಿನ ಕಡಿ ಮಾತ್ರ ಒಬ್ಬರೂ ಕಾಲಿಡ್ಲಿಲ್ಲ. ಮಕ್ಕಳು, ನಾನು, ಸೂಕ್ಷ್ಮದರ್ಶಕ. ಅಗದೀ ಆರಾಮ ಪಾಠ ನಡದದ.

ಹೋದ ವಾರ ಕಾಕಾ ಬಂದು, "ಮೇಡಂ, ನಿಂಬಿಹಣ್ಣು ಒಣಗ್ಯಾವ್ರಿ. ಹೊಸಾವು ತರ್ಲೇನು?" ಅಂದ್ರು. ಜೀವಮಾನ ಎಲ್ಲಾ ಮೂಢನಂಬಿಕಿ ಬ್ಯಾಡಂತ ಹೇಳಿದಾಕಿ ನಾನು. ಆದ್ರೂ ಅಂದೆ, "ತರ್ರಿ ಕಾಕಾ. ಎಂಟೇ ಬೇಕು ನೋಡ್ರಿ, ಏಳಾದ್ರ ವಿಜ್ಞಾನ ತಪ್ಪತದ."

ಕಾಕಾ ಒಂಬತ್ತು ತಂದಿದ್ರು. "ಇದೊಂದು ಯಾಕ್ರಿ ಕಾಕಾ ಹೆಚ್ಚಿಗಿ?" ಅಂದೆ.

"ಅದು ಪ್ರಿನ್ಸಿಪಾಲ್ ಸಾಹೇಬ್ರ ಬಾಗಿಲಿಗಿ ಕಟ್ಲಿಕ್ಕೆ, ಅವರೇ ತರ್ಲಿಕ್ಕೆ ಹೇಳ್ಯಾರ್ರಿ. ಬಾಜುಕೂ ಹರಡ್ತದಂತ ನೀವೇ ಪಾಠ ಹೇಳೀರಂತಲ್ರಿ."